ಐದನೆಯ ತರಗತಿಗೆ ಭಿನ್ನರಾಶಿಯ ಗುಣಾಕಾರ, ಭಾಗಾಕಾರ ಬೇಕೆ?

ಪರ: ಏಳನೆಯ ತರಗತಿಯವರೆಗೆ ಕಾಯುವುದೇಕೆ?

ನಮ್ಮ ಪಠ್ಯಕ್ರಮದಲ್ಲಿ ಭಿನ್ನರಾಶಿಗಳ ಗುಣಾಕಾರ, ಭಾಗಾಕಾರಗಳು ಬರುವುದು ಏಳನೆಯ ತರಗತಿಯಲ್ಲಿ. ಚನ್ನಗಿರಿ, ಹರಿಹರದ ಕಡೆಯ ಮಕ್ಕಳಿಗೆ ಅದಕ್ಕೂ ಮೊದಲೇ ಮನೆಯಲ್ಲಿ ಈ ಲೆಕ್ಕ ಎದುರಾಗಿರುತ್ತದೆ. ಮುಕ್ಕಾಲು ಎಕರೆ ತೋಟ, ಪಾಲುದಾರರು ಇಬ್ಬರು ಅಣ್ಣತಮ್ಮಂದಿರು. ಎಕರೆಗೆ 40 ಗುಂಟೆಯಾದ್ದರಿಂದ ಮುಕ್ಕಾಲು ಎಂದರೆ 30, ಒಬ್ಬೊಬ್ಬರಿಗೆ 15 ಗುಂಟೆ. ಮನೆಯಲ್ಲಿ ಪಹಣಿಯ ಮಾತು ಕೇಳುತ್ತಾ ಬೆಳೆದ ಹುಡುಗಿ ಇದನ್ನು ಬಾಯಲ್ಲೇ ಹೇಳುತ್ತಾಳೆ. ಅವಳು ಮಾಡಿದ್ದು ¾ × ½ = ⅜ ಎಂಬ ಗುಣಾಕಾರವನ್ನೇ ಎಂದು ತಿಳಿಸಲು ಶಾಲೆ ಇನ್ನೂ ಎರಡು ವರ್ಷ ಕಾಯಬೇಕೆ?

ಭಾಗಾಕಾರ ಇದಕ್ಕಿಂತ ಕಷ್ಟ ಎನ್ನುತ್ತಾರೆ. ಕಷ್ಟವಿರುವುದು ಬರವಣಿಗೆಯಲ್ಲಿ, ವಿಷಯದಲ್ಲಲ್ಲ. ಚಳ್ಳಕೆರೆಯ ಶೇಂಗಾ ಎಣ್ಣೆ ಒಂದೂವರೆ ಲೀಟರ್ ಇದೆ, ಕಾಲು ಲೀಟರಿನ ಬಾಟಲಿಗಳಿಗೆ ತುಂಬಬೇಕು. ಆರು ಬಾಟಲಿ ಬೇಕು. ಒಂದೂವರೆಯನ್ನು ಭಾಗಿಸಿದೆವು, ಆರು ಬಂತು! ಭಾಗಿಸಿದರೆ ಸಂಖ್ಯೆ ಚಿಕ್ಕದಾಗಲೇಬೇಕು ಎಂಬ ನಂಬಿಕೆ ಅಲ್ಲಿಗೆ ಮುರಿಯಿತು. ಹತ್ತನೆಯ ವಯಸ್ಸಿನಲ್ಲಿ ಅದು ಸುಲಭವಾಗಿ ಮುರಿಯುತ್ತದೆ, ಹನ್ನೆರಡಕ್ಕೆ ಕಲ್ಲಾಗಿರುತ್ತದೆ.

ಇದೇನು ಹೊರಗಿನಿಂದ ಬಂದ ವಿದ್ಯೆಯೂ ಅಲ್ಲ. ಭಿನ್ನರಾಶಿಗಳ ಲೆಕ್ಕದ ನಿಯಮಗಳನ್ನು ಬ್ರಹ್ಮಗುಪ್ತ 628ರಲ್ಲೇ ಬರೆದಿಟ್ಟ. ಭಾಜಕವನ್ನು ತಿರುವಿ ಗುಣಿಸಬೇಕೆಂಬ ಸೂತ್ರವನ್ನು ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಒಂಬತ್ತನೆಯ ಶತಮಾನದಲ್ಲಿ ಹೇಳಿದ್ದಾನೆ. ಕೂಲಿಮಠಗಳಲ್ಲಿ ನಮ್ಮ ಹಿರಿಯರು ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಇದೇ ವಯಸ್ಸಿನಲ್ಲಿ ಒಪ್ಪಿಸುತ್ತಿದ್ದರು.

ಇನ್ನೊಂದು ಮಾತನ್ನು ಮೆಲ್ಲಗೆ ಹೇಳುವ ಅಗತ್ಯವಿಲ್ಲ. ನವೋದಯ ಪ್ರವೇಶ ಪರೀಕ್ಷೆಗೆ ಐದನೆಯ ತರಗತಿಯ ಮಕ್ಕಳು ಕೂರುತ್ತಾರೆ, ಅದರಲ್ಲಿ ಭಿನ್ನರಾಶಿಯ ಲೆಕ್ಕಗಳೂ ಇರುತ್ತವೆ. ದಾವಣಗೆರೆಯಲ್ಲಿ ದುಡ್ಡು ಕೊಟ್ಟು ಟ್ಯೂಷನ್ ಸೇರುವ ಮಗು ಗುಣಾಕಾರ, ಭಾಗಾಕಾರಗಳನ್ನೂ ಸೇರಿಸಿ ಕಲಿತುಬಿಡುತ್ತದೆ. ಜಗಳೂರಿನ ಹಳ್ಳಿಯ ಮಗುವಿಗೆ ಮಾತ್ರ ‘ನಿನ್ನ ವಯಸ್ಸಿಗೆ ಇದು ಭಾರ’ ಎಂಬ ಕರುಣೆಯ ಉಪದೇಶ. ಅಮೆರಿಕ, ಬ್ರಿಟನ್ನಿನ ಮಕ್ಕಳ ದತ್ತಾಂಶ ಹಿಡಿದು ರಾಬರ್ಟ್ ಸೀಗ್ಲರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹತ್ತರ ಆಸುಪಾಸಿನಲ್ಲಿ ಭಿನ್ನರಾಶಿ ಮತ್ತು ಭಾಗಾಕಾರ ಎಷ್ಟು ತಿಳಿದಿದೆ ಎಂಬುದರಿಂದ ಪ್ರೌಢಶಾಲೆಯ ಗಣಿತ ಹೇಗಿರುತ್ತದೆಂದು ಊಹಿಸಬಹುದು. ಮನೆಯ ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಉಳಿಯುತ್ತದೆ.

ವಿರೋಧ: ಉತ್ತರ ಬಂದರೆ ಸಾಕೆ?

ಗುಂಟೆಯ ಉದಾಹರಣೆ ಚೆನ್ನಾಗಿದೆ, ಆದರೆ ಅದು ನಮ್ಮ ಕಡೆಗೇ ಸಾಕ್ಷಿ ಹೇಳುತ್ತದೆ. ಆ ಹುಡುಗಿ ಭಿನ್ನರಾಶಿಯನ್ನು ಗುಣಿಸಲಿಲ್ಲ. 30ನ್ನು ಎರಡರಿಂದ ಭಾಗಿಸಿದಳು, ಅಷ್ಟೇ. ಭಿನ್ನರಾಶಿಯ ತಂಟೆಯೇ ಬೇಡವೆಂದು ನಮ್ಮ ಜನ ಗುಂಟೆ, ಪಾವು, ಆಣೆಗಳ ಮೊರೆಹೋದರು. ಕೂಲಿಮಠದ ಮಗ್ಗಿಯೂ ಅಂಗಡಿ ಲೆಕ್ಕಕ್ಕಾಗಿ ಹುಟ್ಟಿದ್ದು. ರೂಪಾಯಿಗೆ ಹದಿನಾರಾಣೆ ಇದ್ದಾಗ ಅದಕ್ಕೆ ಕೆಲಸವಿತ್ತು, 1957ರಲ್ಲಿ ನೂರು ಪೈಸೆಯ ಲೆಕ್ಕ ಬಂದ ಮೇಲೆ ಆ ಕೆಲಸವೂ ಹೋಯಿತು. ಮಹಾವೀರಾಚಾರ್ಯ ಸೂತ್ರ ಬರೆದದ್ದು ನಿಜ, ಹತ್ತು ವರ್ಷದ ಮಕ್ಕಳಿಗಾಗಿ ಬರೆದನೆಂದು ಯಾರೂ ಹೇಳಿಲ್ಲ.

ತರಗತಿಯೊಳಗೆ ಆಗುವುದೇನು? ½ + ⅓ ಎಷ್ಟು ಎಂದರೆ 2/5 ಎಂದು ಬರೆಯುವ ಮಕ್ಕಳು ಪ್ರತಿ ಬೆಂಚಿನಲ್ಲೂ ಸಿಗುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಬಂತಲ್ಲ ಎಂದು ಅವರಿಗೆ ಅನಿಸುವುದಿಲ್ಲ, ಏಕೆಂದರೆ 2/5 ಅವರ ಪಾಲಿಗೆ ಒಂದು ಸಂಖ್ಯೆಯಲ್ಲ, ಗೆರೆಯ ಆಚೀಚೆ ಕೂತ ಎರಡು ಸಂಖ್ಯೆಗಳು. ಈ ಹಂತದಲ್ಲಿ ‘ಅಂಶಕ್ಕೆ ಅಂಶ, ಛೇದಕ್ಕೆ ಛೇದ ಗುಣಿಸು’ ಎಂಬ ನಿಯಮ ಕೊಟ್ಟರೆ ಅದೇ ತಪ್ಪಿಗೆ ನಾವೇ ಪರವಾನಗಿ ಕೊಟ್ಟಂತೆ. ಗುಣಾಕಾರದಲ್ಲಿ ಸರಿಯಾದದ್ದು ಸಂಕಲನದಲ್ಲಿ ಏಕೆ ತಪ್ಪು ಎಂದು ಮಗು ಕೇಳಿದರೆ ಉತ್ತರಿಸಲು ಬಿಡುವು ಬೇಕು. ಮೊಳಕಾಲ್ಮೂರಿನ ಕಡೆ ನಾಲ್ಕು, ಐದನೆಯ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡುವ ಶಿಕ್ಷಕಿಗೆ ಆ ಬಿಡುವು ಎಲ್ಲಿಂದ ಬರಬೇಕು?

ಭಾಗಾಕಾರವಂತೂ ದೊಡ್ಡವರನ್ನೇ ಬೀಳಿಸುತ್ತದೆ. ಲಿಪಿಂಗ್ ಮಾ ಎಂಬ ಸಂಶೋಧಕಿಯ ಅಧ್ಯಯನದಲ್ಲಿ 1¾ ÷ ½ ಲೆಕ್ಕ ಅಮೆರಿಕದ 23 ಪ್ರಾಥಮಿಕ ಶಿಕ್ಷಕರ ಮುಂದೆ ಬಂತು. ಪೂರ್ತಿ ಸರಿಯಾಗಿ ಮಾಡಿದವರು 9 ಮಂದಿ. ಅದಕ್ಕೊಂದು ಕತೆ ಕಟ್ಟಿ ಎಂದಾಗ ಬಹಳಷ್ಟು ಜನ ಅರ್ಧದಿಂದ ಭಾಗಿಸುವುದನ್ನು ಬಿಟ್ಟು ಎರಡು ಪಾಲು ಮಾಡುವ ಕತೆ ಹೇಳಿದರು. ಅದೇ ಲೆಕ್ಕವನ್ನು ಚೀನಾದ 72 ಶಿಕ್ಷಕರೂ ಸರಿಯಾಗಿ ಮಾಡಿದರು. ಹಾಗಾದರೆ ಮೊದಲು ತರಬೇತಿ ಬೇಕಿರುವುದು ಮೇಜಿನ ಈಚೆಯವರಿಗೆ. ನಮ್ಮ ಡಿ.ಇಡಿ. ಮುಗಿಸಿದ ಶಿಕ್ಷಕರಲ್ಲಿ ಎಷ್ಟು ಮಂದಿ ಆ ಕತೆ ಕಟ್ಟಬಲ್ಲರೆಂದು ಪರ ವಾದಿಸುವವರು ಒಮ್ಮೆ ಕೇಳಿ ನೋಡಲಿ.

ಸೀಗ್ಲರ್ ಅಧ್ಯಯನ ಹೇಳುವುದು ತಿಳಿವಳಿಕೆಯ ಮಾತು, ತಿರುವಿ ಗುಣಿಸುವ ಚಾಕಚಕ್ಯದ ಮಾತಲ್ಲ. ಇಂಗ್ಲೆಂಡಿನ ಪ್ರಾಥಮಿಕ ಪಠ್ಯಕ್ರಮ ಕೊನೆಯ ವರ್ಷದಲ್ಲಿ ಭಿನ್ನರಾಶಿಯನ್ನು ಪೂರ್ಣಸಂಖ್ಯೆಯಿಂದ ಭಾಗಿಸಲು ಕಲಿಸಿ ನಿಲ್ಲುತ್ತದೆ. ಭಿನ್ನರಾಶಿಯಿಂದ ಭಾಗಿಸುವುದು ಪ್ರೌಢಶಾಲೆಗೆ ಬಿಟ್ಟದ್ದು. ನವೋದಯ ಪರೀಕ್ಷೆಯ ದೂರು ನ್ಯಾಯವಾದದ್ದು, ಒಪ್ಪುತ್ತೇನೆ. ಆದರೆ ಬೆರಳೆಣಿಕೆಯ ಸೀಟುಗಳಿಗಾಗಿ ಇಡೀ ತರಗತಿಯ ಪಾಠವನ್ನು ಬದಲಿಸುವುದು ಯಾವ ನ್ಯಾಯ?

‘ಅರ್ಧದ ಅರ್ಧ’, ‘ಮುಕ್ಕಾಲಿನ ಮೂರನೆಯ ಒಂದು ಪಾಲು’ ಎಂಬಷ್ಟನ್ನು ಕಾಗದ ಮಡಚಿ ತೋರಿಸಲು ನನ್ನ ಅಭ್ಯಂತರವಿಲ್ಲ. ಉಳಿದ ಸಮಯ ಸಂಖ್ಯಾರೇಖೆಗೆ ಹೋಗಲಿ: ⅔ ದೊಡ್ಡದೋ ¾ ದೊಡ್ಡದೋ, 7/8 ಒಂದಕ್ಕೆ ಎಷ್ಟು ಹತ್ತಿರ. ಕಾಲು ಲೀಟರಿನ ಬಾಟಲಿಗಳನ್ನು ಎಣಿಸಿದರೆ ಸಾಕಾಗುತ್ತದೆ, ½ ÷ ¾ ಎಂದೊಡನೆ ಎಣಿಕೆ ಕೈಕೊಡುತ್ತದೆ. ಇದರ ಉತ್ತರ ಒಂದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಪೆನ್ಸಿಲ್ ಮುಟ್ಟದೆ ಹೇಳಿ, ಏಕೆಂದೂ ಹೇಳುವ ಮಗುವಿಗೆ ಮರುದಿನವೇ ನಿಯಮ ಕಲಿಸಿ, ಅದು ಐದನೆಯ ತರಗತಿಯಲ್ಲೇ ಇರಲಿ. ಹೇಳಲಾಗದ ಮಗುವಿಗೆ ಏಳನೆಯ ತರಗತಿಯಲ್ಲೂ ಅವಸರ ಬೇಡ.