ಜ್ಯಾಕ್ ಈಡಿ: ಕಾಲೇಜಿನ ಆಟದಿಂದ ಎನ್‌ಬಿಎಗೆ ದಾಟಿ ಬಂದದ್ದು ಯಾವುದು?

ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ತಾರೆಯೊಬ್ಬರು ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ ಬಾಗಿಲಿಗೆ ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆ ಒಂದೇ: ಕಾಲೇಜಿನಲ್ಲಿ ಗಳಿಸಿದಷ್ಟು ಅಂಕಗಳನ್ನು ಇವರು ಅಲ್ಲಿಯೂ ಗಳಿಸಬಲ್ಲರೇ? ಜ್ಯಾಕ್ ಈಡಿ ಅವರ ವಿಷಯದಲ್ಲಿ ಈ ಪ್ರಶ್ನೆಯೇ ಅವರ ಅಭಿಮಾನಿಗಳನ್ನೂ ಅವರನ್ನು ಅನುಮಾನಿಸಿದವರನ್ನೂ ದಾರಿ ತಪ್ಪಿಸಿತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೆನಡಾದ ಟೊರೊಂಟೊದಲ್ಲಿ ಹಾಕಿ ಮತ್ತು ಬೇಸ್‌ಬಾಲ್ ಆಡುತ್ತಾ ಬೆಳೆದು, ಹೈಸ್ಕೂಲಿನಲ್ಲಿ ತಡವಾಗಿ ಬ್ಯಾಸ್ಕೆಟ್‌ಬಾಲ್‌ಗೆ ಬಂದ ಈ 7 ಅಡಿ 4 ಇಂಚಿನ ಆಟಗಾರ, ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಆಡಿದರು. 2023 ಮತ್ತು 2024ರಲ್ಲಿ ಸತತವಾಗಿ ಅಮೆರಿಕದ ಅತ್ಯುತ್ತಮ ಕಾಲೇಜು ಆಟಗಾರ ಎನಿಸಿಕೊಂಡರು. 1980ರ ದಶಕದ ಆರಂಭದಲ್ಲಿ ವರ್ಜೀನಿಯಾದ ರಾಲ್ಫ್ ಸ್ಯಾಂಪ್ಸನ್ ಅವರ ನಂತರ ಅಂಥ ಸಾಧನೆ ಯಾರಿಂದಲೂ ಆಗಿರಲಿಲ್ಲ. ಕೊನೆಯ ವರ್ಷದಲ್ಲಿ ಪಂದ್ಯವೊಂದಕ್ಕೆ ಸರಾಸರಿ 25 ಅಂಕ ಮತ್ತು 12 ರೀಬೌಂಡ್ (ತಪ್ಪಿದ ಎಸೆತದ ಚೆಂಡನ್ನು ಹಿಡಿಯುವುದು) ಅವರ ಹೆಸರಿನಲ್ಲಿದ್ದವು.

ಆದರೂ ಅನುಮಾನಕ್ಕೆ ಗಟ್ಟಿಯಾದ ಕಾರಣಗಳಿದ್ದವು. ಬುಟ್ಟಿಯ ಮುಂದಿನ ಆಯತಾಕಾರದ ಜಾಗ ಕಾಲೇಜಿನಲ್ಲಿ 12 ಅಡಿ ಅಗಲವಿದ್ದರೆ ಎನ್‌ಬಿಎಯಲ್ಲಿ 16 ಅಡಿ. ಆದ್ದರಿಂದ ಬುಟ್ಟಿಗೆ ಬೆನ್ನು ಕೊಟ್ಟು ಚೆಂಡಿಗಾಗಿ ಕಾಯುವ ದೈತ್ಯನು ಇನ್ನಷ್ಟು ಹೊರಗೆ ನಿಲ್ಲಬೇಕಾಗುತ್ತದೆ. ರಕ್ಷಣೆಯಲ್ಲಿ ತೊಡಕು ಇನ್ನೂ ದೊಡ್ಡದು. ಎನ್‌ಬಿಎಯಲ್ಲಿ ಎದುರಾಳಿಯೊಬ್ಬನನ್ನು ಹತ್ತಿರದಿಂದ ಕಾಯದೆ ಆ ಜಾಗದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ, ಕಾಲೇಜಿನಲ್ಲಿ ಅಂಥ ನಿಯಮವಿಲ್ಲ. ಹಾಗಾಗಿ ಪರ್ಡ್ಯೂನಲ್ಲಿ ಬುಟ್ಟಿಯ ಕೆಳಗೇ ಬೇರೂರಿ ನಿಂತವರು, ಇಲ್ಲಿ ದೂರದಿಂದ ಗುರಿಯಿಡುವ ಗಾರ್ಡ್‌ಗಳನ್ನು ಬೆನ್ನಟ್ಟಿ ಹೊರಗೆ ಬರಲೇಬೇಕು. ಹಿಂದಿನ ಉದಾಹರಣೆಗಳೂ ಭರವಸೆ ಹುಟ್ಟಿಸುವಂತಿರಲಿಲ್ಲ. 2021ರಲ್ಲಿ ಇದೇ ಗೌರವ ಪಡೆದ ಲೂಕಾ ಗಾರ್ಜಾ, ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 52ನೆಯವರಾಗಿ ಆಯ್ಕೆಯಾದರು. 2022ರಲ್ಲಿ ಪಡೆದ ಆಸ್ಕರ್ ಶೀಬ್ವೆ ಅವರನ್ನು ಮರುವರ್ಷದ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲೇ ಇಲ್ಲ.

ಅನುಮಾನಿಸಿದವರ ಈ ವಾದಕ್ಕೆ ನನ್ನ ದೃಷ್ಟಿಯಲ್ಲಿ ಅತ್ಯುತ್ತಮ ಸಾಕ್ಷಿ 2024ರ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಶಿಪ್‌ನ ಫೈನಲ್. ಕನೆಕ್ಟಿಕಟ್ ತಂಡವು ಡಾನವನ್ ಕ್ಲಿಂಗನ್ ಅವರಂಥ ಎತ್ತರದ ಆಟಗಾರರನ್ನು ಈಡಿ ಅವರ ಮೇಲೆ ಬಿಟ್ಟು, ಉಳಿದವರನ್ನು ಪರ್ಡ್ಯೂನ ಹೊರಗಿನ ಶೂಟರ್‌ಗಳಿಗೆ ಅಂಟಿಸಿತು. ಈಡಿ 37 ಅಂಕ ಗಳಿಸಿದರು, ಆದರೆ ಪರ್ಡ್ಯೂ ಇಡೀ ಪಂದ್ಯದಲ್ಲಿ ಒಂದೇ ಒಂದು ಮೂರು ಅಂಕದ ಎಸೆತವನ್ನು ಬುಟ್ಟಿಗೆ ಹಾಕಿ 75-60ರಿಂದ ಸೋತಿತು. ಇಬ್ಬರು ಮೂವರು ರಕ್ಷಕರನ್ನು ತನ್ನತ್ತ ಸೆಳೆದು ಜೊತೆಗಾರರಿಗೆ ಜಾಗ ಮಾಡಿಕೊಡುವುದೇ ಕಾಲೇಜಿನಲ್ಲಿ ಅವರ ನಿಜವಾದ ಶಕ್ತಿಯಾಗಿತ್ತು. ಒಬ್ಬನೇ ಎದುರು ನಿಲ್ಲಬಲ್ಲ ರಕ್ಷಕ ಸಿಕ್ಕಾಗ ಆ ಶಕ್ತಿ ಕರಗಿತು, ಮತ್ತು ಎನ್‌ಬಿಎಯಲ್ಲಿ ಅಂಥ ರಕ್ಷಕರು ಪ್ರತಿ ರಾತ್ರಿಯೂ ಎದುರಾಗುತ್ತಾರೆ.

ಇಷ್ಟೆಲ್ಲ ಒಪ್ಪಿಯೂ, ಈಡಿ ವಿಫಲರಾಗುತ್ತಾರೆಂಬ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಸ್ಕ್ರೀನ್ ಹಾಕಲು (ಎದುರಾಳಿ ರಕ್ಷಕನಿಗೆ ಅಡ್ಡ ನಿಂತು ಜೊತೆಗಾರನಿಗೆ ದಾರಿ ಮಾಡಿಕೊಡಲು), ಚೆಂಡಿಗಾಗಿ ಜಾಗ ಹಿಡಿಯಲು, ತಪ್ಪಿದ ಎಸೆತವನ್ನು ಎಲ್ಲರ ಕೈಗಳ ಮೇಲಿಂದ ಕಿತ್ತುಕೊಳ್ಳಲು ಆಟದ ಕೇಂದ್ರವಾಗಿರಬೇಕಿಲ್ಲ. ಅಂಗಣದ ಗೆರೆಗಳು ಬದಲಾದರೂ ಈ ಕೆಲಸಗಳ ಬೆಲೆ ಕುಗ್ಗುವುದಿಲ್ಲ. ಮೆಂಫಿಸ್ ಗ್ರಿಜ್ಲೀಸ್ ತಂಡವು ಈಡಿ ಅವರನ್ನು ಡ್ರಾಫ್ಟ್‌ನಲ್ಲಿ ಒಂಬತ್ತನೆಯ ಆಯ್ಕೆಯಾಗಿ ತೆಗೆದುಕೊಂಡಾಗ ಅನೇಕರು ಹುಬ್ಬೇರಿಸಿದರು. ಆದರೆ ಆ ತಂಡವು ಕೆಲವೇ ತಿಂಗಳ ಹಿಂದೆ ಸ್ಟೀವನ್ ಆಡಮ್ಸ್ ಅವರನ್ನು ಹ್ಯೂಸ್ಟನ್‌ಗೆ ಕೊಟ್ಟಿತ್ತು, ಮತ್ತು ಆಡಮ್ಸ್ ಮೆಂಫಿಸ್‌ನಲ್ಲಿ ಮಾಡುತ್ತಿದ್ದುದು ಇದೇ ದುಡಿಮೆ. ಪಕ್ಕದಲ್ಲಿದ್ದ ಜಾರೆನ್ ಜಾಕ್ಸನ್ ಜೂನಿಯರ್ 2023ರ ಅತ್ಯುತ್ತಮ ರಕ್ಷಕರಾಗಿದ್ದರೂ ಎತ್ತರಕ್ಕೆ ತಕ್ಕಷ್ಟು ರೀಬೌಂಡ್ ಹಿಡಿಯುವವರಲ್ಲ; ಆ ಕೊರತೆಗೆ ಈಡಿ ಹೇಳಿ ಮಾಡಿಸಿದಂತಿದ್ದರು. ಆಟಗಾರನ ಕೌಶಲವನ್ನು ಅಳೆಯುವವರು ಅವನು ಸೇರುವ ತಂಡದ ಅಗತ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು.

ಮೊದಲ ಋತುವಿನಲ್ಲಿ ಅವರು ಪಂದ್ಯಕ್ಕೆ ಸುಮಾರು 21 ನಿಮಿಷ ಆಡಿ, ಸರಾಸರಿ 9 ಅಂಕ ಮತ್ತು 8 ರೀಬೌಂಡ್ ಗಳಿಸಿ, ಹೊಸಬರ ಶ್ರೇಷ್ಠ ತಂಡದಲ್ಲಿ ಸ್ಥಾನ ಪಡೆದರು. ಅಂಕ ಕಾಲೇಜಿನ ಅರ್ಧಕ್ಕೂ ಕಡಿಮೆ. ಆದರೆ ಅಷ್ಟು ಕಡಿಮೆ ನಿಮಿಷಗಳಲ್ಲಿ ಎಂಟು ರೀಬೌಂಡ್ ಹಿಡಿಯುವವರು ಎನ್‌ಬಿಎಯಲ್ಲೂ ವಿರಳ.

ಬುಟ್ಟಿಯಿಂದ ದೂರ ಹೋಗಿ ರಕ್ಷಿಸುವ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. 2025ರ ಪ್ಲೇಆಫ್‌ನ (ಋತುವಿನ ಕೊನೆಯ ನಾಕೌಟ್ ಹಂತದ) ಮೊದಲ ಸುತ್ತಿನಲ್ಲಿ ಮೆಂಫಿಸ್ ಒಕ್ಲಹೋಮಾ ಸಿಟಿ ಎದುರು ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತಿತು. ಅಂಥ ವೇಗದ ತಂಡಗಳ ವಿರುದ್ಧ, ಪಂದ್ಯದ ಕೊನೆಯ ನಿಮಿಷಗಳಲ್ಲಿ ಅವರನ್ನು ಅಂಗಣದಲ್ಲಿ ಇಟ್ಟುಕೊಳ್ಳಬಹುದೇ ಎಂಬುದೇ ಅವರ ಮಟ್ಟವನ್ನು ನಿರ್ಧರಿಸಲಿದೆ. ನನ್ನನ್ನು ಅದಕ್ಕಿಂತ ಹೆಚ್ಚು ಕಾಡುವುದು ಅವರ ಕಾಲು. 2025ರ ಜೂನ್‌ನಲ್ಲಿ ಅವರ ಎಡ ಪಾದದ ಕೀಲಿಗೆ ಶಸ್ತ್ರಚಿಕಿತ್ಸೆ ಆಯಿತು, ಮತ್ತು 7 ಅಡಿ 6 ಇಂಚಿನ ಯಾವೊ ಮಿಂಗ್ ಅವರಂಥ ಮಹಾನ್ ಆಟಗಾರರೂ ಪಾದದ ಗಾಯಗಳಿಂದಾಗಿ ಮೂವತ್ತರ ಹರೆಯದಲ್ಲೇ, 2011ರಲ್ಲಿ, ನಿವೃತ್ತರಾಗಬೇಕಾಯಿತು. ಈಡಿ ಅವರ ಆಟ ಎನ್‌ಬಿಎಗೆ ಒಗ್ಗುತ್ತದೆ ಎಂಬ ವಿಷಯದಲ್ಲಿ ನನಗೆ ಸಂದೇಹ ಉಳಿದಿಲ್ಲ. ಆ ದೇಹ 82 ಪಂದ್ಯಗಳ ಋತುಗಳನ್ನು ವರ್ಷದ ಮೇಲೆ ವರ್ಷ ತಾಳಿಕೊಳ್ಳಲಿ ಎಂದು ಮನಸಾರೆ ಹಾರೈಸುತ್ತೇನೆ.