ಕುತ್ತಿಗೆ ‘ಲಟಕ್’ ಅಂದರೆ ನೋವು ಬಿಟ್ಟಿತು ಅಂತಲ್ಲ

ಕುತ್ತಿಗೆಯನ್ನು ಜೋರಾಗಿ ಸುತ್ತ ತಿರುಗಿಸಿ, ಲಟಕ್ ಅಂತ ಸದ್ದು ಬಂದರೆ ಹಿಡಿದ ನರ ಬಿಟ್ಟಿತು ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಆ ಸದ್ದು ಹೆಚ್ಚಾಗಿ ಕೀಲಿನ ದ್ರವದಲ್ಲಿನ ಗಾಳಿಗುಳ್ಳೆಯದು, ನರದ್ದಲ್ಲ.

ನಮ್ಮ ತಲೆ ಸುಮಾರು 4ರಿಂದ 5 ಕಿಲೋ ತೂಗುತ್ತದೆ. ಅದನ್ನು ಹೊತ್ತಿರುವುದು ಕುತ್ತಿಗೆಯ 7 ಸಣ್ಣ ಮೂಳೆಗಳು. ಅವುಗಳ ಮೇಲೆ ರಭಸ ಬೇಡ ಅಲ್ವಾ? ಅದರ ಬದಲು ಬೆನ್ನು ನೇರ ಮಾಡಿ ಕೂತು, ಬಲಗಿವಿಯನ್ನು ಬಲಭುಜದ ಕಡೆಗೆ ನಿಧಾನಕ್ಕೆ ಬಾಗಿಸಿ. ಭುಜ ಮೇಲೆತ್ತಬೇಡಿ, ಜಾಸ್ತಿ ಜನ ತಪ್ಪುವುದು ಇಲ್ಲೇ. ಮೂರ್ನಾಲ್ಕು ಉಸಿರು ಹಾಗೇ ಇದ್ದು, ಎಡಕ್ಕೂ ಮಾಡಿ. ಹಿತವಾಗಿ ಎಳೆದಂತಾದರೆ ಸಾಕು. ಕೈ ಜೋಮು ಹಿಡಿಯುತ್ತಿದ್ದರೆ ಅಥವಾ ಹಿಡಿತ ಸಡಿಲವಾಗಿದ್ದರೆ, ಈ ವ್ಯಾಯಾಮ ಬಿಟ್ಟು ಮೊದಲು ವೈದ್ಯರಿಗೆ ತೋರಿಸಿ.