ಚದರಡಿ ನಂಬಿ ಮೆತ್ತಗಾದ ಕಡಕ್ ರೊಟ್ಟಿ

ಆಷಾಢದ ಜಿಟಿಜಿಟಿ ಹಿಡಿಯಿತೆಂದರೆ ಧಾರವಾಡದಲ್ಲಿ ಕಡಕ್ ರೊಟ್ಟಿ ಮುರಿಯುವ ಬದಲು ಮಡಚಿಕೊಳ್ಳುತ್ತದೆ. ಗಿರ್ಮಿಟ್ಟಿನ ಚುರುಮುರಿ ತುಟಿ ಪಿಟಕ್ಕೆನ್ನುವುದಿಲ್ಲ. ಟ್ರಂಕಿನ ಇಳಕಲ್ ಸೀರೆಗೆ ಬೂಸ್ಟು. ಗಾಳಿಯ ತೇವ ಹೀರಿ ನೀರಾಗಿಸುವ ಯಂತ್ರ, ಡಿಹ್ಯೂಮಿಡಿಫೈಯರ್ ತರಲು ಹುಬ್ಬಳ್ಳಿಗೆ ಹೋದರೆ ಅಂಗಡಿಯಲ್ಲಿ ಮೊದಲ ಪ್ರಶ್ನೆ: “ರೂಮ್ ಎಷ್ಟ್ ಸ್ಕ್ವೇರ್ ಫೀಟ್ ಐತ್ರೀ?”

ತೇವವೇನು ಚಾಪೆ ಹಾಸಿಕೊಂಡು ನೆಲದ ಮೇಲೆ ಮಲಗಿರುತ್ತದೆಯೇ? ಡಬ್ಬಿಯ ಮೇಲಿನ ಚದರಡಿ ಸಾಮಾನ್ಯವಾಗಿ ಎಂಟಡಿ ಎತ್ತರದ, ಬಾಗಿಲು ಕಿಟಕಿ ಮುಚ್ಚಿದ ಕೋಣೆಯ ಲೆಕ್ಕ. 10×12ರ ಅಂಥ ಕೋಣೆಯಲ್ಲಿ 960 ಘನ ಅಡಿ ಗಾಳಿ. ಹಳೇ ಮನೆಯ ಹನ್ನೆರಡಡಿ ಎತ್ತರಕ್ಕೆ ಅದೇ 1,440, ಒಂದೂವರೆ ಪಟ್ಟು. ಮೇಲೆ ಹಂಚಿನ ಸಂದಿ ಬೇರೆ. ಕಿಟಕಿ ತೆರೆದಿಟ್ಟರಂತೂ ಯಂತ್ರ ಕೆಲಗೇರಿ ಕೆರೆ ಒಣಗಿಸಲು ಹೊರಟಂತೆಯೇ.

ಹಾಗಾಗಿ ಚದರಡಿ ಬಿಟ್ಟು ದಿನಕ್ಕೆ ಎಷ್ಟು ಲೀಟರ್ ನೀರು ತೆಗೆಯುತ್ತದೆಂದು ನೋಡಬೇಕು. ಅದನ್ನೂ ಕನ್ನಡಕ ಹಾಕಿಕೊಂಡು. “ದಿನಕ್ಕೆ 12 ಲೀಟರ್” ಎಂಬುದರ ಕೆಳಗೆ ಇರುವೆ ಅಕ್ಷರದಲ್ಲಿ 30 ಡಿಗ್ರಿ, ಶೇ. 80 ತೇವಾಂಶ ಎಂದಿರುತ್ತದೆ. 27 ಡಿಗ್ರಿ, ಶೇ. 60ಕ್ಕೆ ಅದೇ ಯಂತ್ರ ಸುಮಾರು ಅರ್ಧದಷ್ಟೇ ನೀರು ತೆಗೆಯುತ್ತದೆ. ಅಮೆರಿಕದಲ್ಲಿ 2019ರಲ್ಲಿ ಪರೀಕ್ಷೆಯ ಉಷ್ಣಾಂಶವನ್ನು ಸುಮಾರು 27ರಿಂದ 18 ಡಿಗ್ರಿಗೆ ಇಳಿಸಿದಾಗ 70 ಪಿಂಟಿನವು (ಪಿಂಟ್ ಎಂದರೆ ಸುಮಾರು ಅರ್ಧ ಲೀಟರ್) 50 ಪಿಂಟಿನವಾದವು. ಯಂತ್ರ ಅದೇ, ಸ್ಟಿಕ್ಕರ್ ಬಡವಾಯಿತು.

ಇನ್ನು ಫ್ರಿಜ್ಜಿನಂಥ ಕಂಪ್ರೆಸರ್ ಇಲ್ಲದೆ, ಕರೆಂಟಿನಿಂದ ತಣ್ಣಗಾಗುವ ಫಲಕದಲ್ಲೇ ತೇವ ಹಿಡಿಯುವ ಪೆಲ್ಟಿಯರ್ ಎಂಬ ಕೈಗೂಸು. ನೋಡಲು ಚೆಂದ, ಸದ್ದಿಲ್ಲ, ಚಿಕ್ಕದಾದರೆ ದಿನಕ್ಕೆ ಒಂದೆರಡು ಚಹಾ ಲೋಟ ನೀರು. ಕಪಾಟಿಗೆ ಸರಿ. ವಾಷಿಂಗ್ ಮಷೀನಿನಲ್ಲಿ ಹಿಂಡಿ ತೆಗೆದ ಐದು ಕಿಲೋ ಬಟ್ಟೆಯಲ್ಲೇ ಎರಡೂವರೆ ಲೀಟರ್ ಉಳಿದಿರುತ್ತದೆ. ಈ ಕೈಗೂಸು ಅದನ್ನು ಒಣಗಿಸಿ ಮುಗಿಸುವಷ್ಟರಲ್ಲಿ ಇನ್ನೊಂದು ವಾರದ ಬಟ್ಟೆ ಬಕೆಟ್ಟಿನಲ್ಲಿ ನೆನೆಯುತ್ತಿರುತ್ತದೆ. ಬಟ್ಟೆ ಒಳಗೇ ಹರವುವ ಮನೆಗೆ ಕಂಪ್ರೆಸರ್ ಇರುವುದೇ ಬೇಕು, ಅದೂ ಲೆಕ್ಕಕ್ಕಿಂತ ಒಂದು ಅಳತೆ ದೊಡ್ಡದು.

ತಂದ ಕೂಡಲೇ ಗುಂಡಿ ಒತ್ತಬೇಡಿ. ಟಂಟಂನಲ್ಲಿ ಮಲಗಿಸಿ ತಂದಿದ್ದರೆ ಒಂದು ದಿನ ನೆಟ್ಟಗೆ ನಿಲ್ಲಿಸಿ, ಕಂಪ್ರೆಸರಿನ ಎಣ್ಣೆ ಕೆಳಗಿಳಿಯಲಿ. ಗೋಡೆಯಿಂದ ಗೇಣಷ್ಟು ದೂರವಿಡಿ. ತೇವಾಂಶ ಶೇ. 50–55ಕ್ಕೆ ಸೆಟ್ ಮಾಡಿ. 35ಕ್ಕೆ ಇಟ್ಟರೆ ಶ್ರಾವಣ ಮುಗಿದರೂ ಅದು ನಿಲ್ಲದು, ಮೀಟರೂ ನಿಲ್ಲದು.

ಎರಡು ಲೀಟರಿನ ಟ್ಯಾಂಕು ನಡುರಾತ್ರಿ ತುಂಬಿ ಯಂತ್ರ ತೆಪ್ಪಗಾಗುತ್ತದೆ, ಪೈಪು ಹಚ್ಚುವುದೇ ವಾಸಿ. ಪೈಪು ಎಲ್ಲೂ ಮೇಲೇರದೆ ಇಳಿಜಾರಾಗಿ ಬಚ್ಚಲಿಗೆ ಹೋಗಬೇಕು. ಆದರೆ ಪೈಪಿಗೆಂದು ಬಚ್ಚಲ ಬಾಗಿಲು ತೆರೆದಿಟ್ಟಿರೋ, ಹಂಡೆಯ ಹಬೆ ಕೋಣೆಗೆ ಬರುತ್ತದೆ, ಯಂತ್ರ ಅದನ್ನು ನೀರು ಮಾಡಿ ಬಚ್ಚಲಿಗೇ ವಾಪಸ್ ಕಳಿಸುತ್ತದೆ.